ಸೂಲಗಿತ್ತಿಯ ತಾಳ್ಮೆ, ಆಸ್ಪತ್ರೆಯ ಸಿದ್ಧತೆ: ಚೆನ್ನೈಯಲ್ಲಿ ಬಸುರಿ ಬಾಣಂತಿಯರ ಆರೈಕೆ

ಸೂಲು ಎಂದರೆ ಹೆರಿಗೆ. ಹೆರಿಗೆ ಮಾಡಿಸುವವಳು ಸೂಲಗಿತ್ತಿ. ತಮಿಳಿನಲ್ಲಿಯೂ ‘ಸೂಲ್’ ಎಂಬ ಶಬ್ದವು ಬಸಿರನ್ನು ಸೂಚಿಸುತ್ತದೆ. ಸೂಲಗಿತ್ತಿಯನ್ನು ಅಲ್ಲಿ ‘ಮರುತ್ತುವಚ್ಚಿ’ ಎನ್ನುತ್ತಾರೆ. ಚೆನ್ನೈಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಏಳನೆಯ ತಿಂಗಳ ಸೀಮಂತ ಮುಗಿಸಿ ಮಗಳು ತವರಿಗೆ ಹೊರಡುವ ಪದ್ಧತಿ ಇಂದಿಗೂ ಇದೆ. ಬಸಿರಿನ ಆರೈಕೆ ಒಂದು ರಾಜ್ಯದಲ್ಲಿ, ಹೆರಿಗೆ ಮತ್ತೊಂದು ರಾಜ್ಯದಲ್ಲಿ ನಡೆಯುವುದರಿಂದ, ಎರಡೂ ಕಡೆಯ ವ್ಯವಸ್ಥೆಯನ್ನು ನಾವು ಅರಿತಿರುವುದು ಅಗತ್ಯ.

ಮದರಾಸಿನ ಹೆರಿಗೆ ಆಸ್ಪತ್ರೆಗಳು

ಈ ನಗರದ ಹೆರಿಗೆ ಆಸ್ಪತ್ರೆಯ ಚರಿತ್ರೆ 1844ರಷ್ಟು ಹಿಂದಕ್ಕೆ ಹೋಗುತ್ತದೆ. ಆ ವರ್ಷ ಆರಂಭವಾದ ಮದರಾಸು ಹೆರಿಗೆ ಆಸ್ಪತ್ರೆಯು 1880ರ ದಶಕದ ಆರಂಭದಲ್ಲಿ ಎಗ್ಮೋರಿಗೆ ಸ್ಥಳಾಂತರಗೊಂಡಿತು. ಇಂದು ಅದು ಸರಕಾರಿ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯೆಂದು ಹೆಸರಾಗಿದ್ದು, ಏಷ್ಯಾದ ಅತ್ಯಂತ ಹಳೆಯ ಹೆರಿಗೆ ಆಸ್ಪತ್ರೆಗಳಲ್ಲಿ ಒಂದೆಂದು ಗಣಿತವಾಗಿದೆ. ವೈದ್ಯರೊಂದಿಗೆ ಸೂಲಗಿತ್ತಿಯರಿಗೂ ಇಲ್ಲಿ ಶಿಕ್ಷಣ ದೊರೆಯುತ್ತಿತ್ತು.

ಬ್ಯಾರಿಸ್ಟರರೊಬ್ಬರ ಪತ್ನಿಯಾಗಿ ಮದರಾಸಿಗೆ ಬಂದ ಮೇರಿ ಶಾರ್ಲೀಬ್ ಮೊದಲು ಹೆರಿಗೆ ಶಿಕ್ಷಣ ಪಡೆದುದು ಈ ಸಂಸ್ಥೆಯಲ್ಲಿಯೇ. ಪರಪುರುಷನಿಂದ ಚಿಕಿತ್ಸೆ ಪಡೆಯಲು ಒಪ್ಪದ ಹೆಂಗಸರು ಹೆರಿಗೆಯ ವೇಳೆ ಯಾವ ವೈದ್ಯಕೀಯ ನೆರವೂ ಇಲ್ಲದೆ ನರಳುತ್ತಿದ್ದುದನ್ನು ಕಂಡು ಅವರು ವೈದ್ಯೆಯಾಗಲು ನಿಶ್ಚಯಿಸಿದರು. 1875ರಲ್ಲಿ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದ ಮೊದಲ ನಾಲ್ವರು ವಿದ್ಯಾರ್ಥಿನಿಯರಲ್ಲಿ ಅವರೊಬ್ಬರು. ಅವರ ಪ್ರಯತ್ನದಿಂದ 1885ರಲ್ಲಿ ಆರಂಭವಾದ ಗೋಷಾ ಆಸ್ಪತ್ರೆಯೇ ತಿರುವಲ್ಲಿಕೇಣಿಯ ಇಂದಿನ ಕಸ್ತೂರಬಾ ಗಾಂಧಿ ಆಸ್ಪತ್ರೆ. ಉತ್ತರ ಚೆನ್ನೈಯ ಹೆಂಗಸರಿಗೆ ರಾಯಪುರದ ರಾಜಾ ಸರ್ ರಾಮಸ್ವಾಮಿ ಮೊದಲಿಯಾರ್ ಹೆರಿಗೆ ಆಸ್ಪತ್ರೆ ಆಸರೆಯಾಗಿದೆ. ಬೆಂಗಳೂರಿನಲ್ಲಿ ಇಂಥ ಸ್ಥಾನ ಪಡೆದಿರುವುದು 1935ರಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆ.

ಸಾವು ಇಳಿದ ಬಗೆ

ಒಂದು ಲಕ್ಷ ಸಜೀವ ಜನನಗಳಿಗೆ ಎಷ್ಟು ತಾಯಂದಿರು ಬಸಿರು, ಹೆರಿಗೆ, ಬಾಣಂತನದ ಕಾರಣದಿಂದ ಸಾಯುತ್ತಾರೆ ಎಂಬುದು ತಾಯಂದಿರ ಮರಣ ಪ್ರಮಾಣ. ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2001-03ರಲ್ಲಿ ಈ ಪ್ರಮಾಣ ಭಾರತದಲ್ಲಿ 301, ಕರ್ನಾಟಕದಲ್ಲಿ 228, ತಮಿಳುನಾಡಿನಲ್ಲಿ 134 ಇತ್ತು. 2018-20ರ ವೇಳೆಗೆ ಅದು ಕ್ರಮವಾಗಿ 97, 69 ಮತ್ತು 54ಕ್ಕೆ ಇಳಿಯಿತು.

ಈ ಇಳಿಕೆಯ ಹಿಂದಿರುವ ತತ್ವ ಸರಳವಾದುದು: ಯಾವ ಹೆರಿಗೆ ಕಷ್ಟವಾದೀತೆಂದು ಮುಂಚಿತವಾಗಿ ಖಚಿತವಾಗಿ ಹೇಳಲಾಗದು. ಸುಸೂತ್ರವಾಗಿ ಹೆತ್ತವಳಿಗೂ ಆ ಬಳಿಕ ವಿಪರೀತ ರಕ್ತಸ್ರಾವವಾಗಬಹುದು. ಆಗ ಉಳಿಯುವ ಕಾಲಾವಕಾಶ ಕೆಲವೇ ಗಂಟೆಗಳು. ಆದುದರಿಂದ ಪ್ರತಿಯೊಂದು ಹೆರಿಗೆಗೂ ತರಬೇತಾದ ಕೈಗಳು, ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಚುಚ್ಚುಮದ್ದು, ಹತ್ತಿರದಲ್ಲಿಯೇ ರಕ್ತ ಮತ್ತು ಶಸ್ತ್ರಚಿಕಿತ್ಸೆಯ ಅನುಕೂಲ ಇರಬೇಕು. ತಮಿಳುನಾಡು 2000ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಪಾಳಿಯ ಮೇಲೆ ದುಡಿಯುವ ಮೂವರು ದಾದಿಯರನ್ನು ಒದಗಿಸಿ, ಹಗಲಿರುಳೂ ಹೆರಿಗೆಗೆ ಬಾಗಿಲು ತೆರೆದಿಟ್ಟಿತು. ತಾಯಿ ಸತ್ತ ಪ್ರಕರಣಗಳ ಕಾರಣವನ್ನು ವಿಚಾರಿಸಿ ದಾಖಲಿಸುವ ಪದ್ಧತಿಯನ್ನು ಅದಕ್ಕೂ ಮೊದಲೇ ಆರಂಭಿಸಿತ್ತು. 108 ಆಂಬುಲೆನ್ಸ್ ಸೇವೆ 2008ರಲ್ಲಿ ಎರಡೂ ರಾಜ್ಯಗಳಲ್ಲಿ ಬಂದಿತು.

ಬಸುರಿಯ ತಪಾಸಣೆ

ಬಸಿರು ತಿಳಿದ ಕೂಡಲೇ ಹೆಸರು ನೋಂದಾಯಿಸಬೇಕು. ತಮಿಳುನಾಡಿನಲ್ಲಿ ‘ಪಿಕ್ಮಿ’ ಎಂಬ ನೋಂದಣಿಯ ಮೂಲಕ 12 ಅಂಕಿಗಳ ಸಂಖ್ಯೆ ದೊರೆಯುತ್ತದೆ. ಕರ್ನಾಟಕದಲ್ಲಿ ತಾಯಿ ಕಾರ್ಡ್ ಕೊಡುತ್ತಾರೆ. ಕನಿಷ್ಠ ನಾಲ್ಕು ಬಾರಿ ತಪಾಸಣೆ ಆಗಲೇಬೇಕು. ಪ್ರತಿ ಬಾರಿಯೂ ತೂಕ, ರಕ್ತದೊತ್ತಡ, ಮೂತ್ರ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಅಗತ್ಯ. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಇಂಥವಳಿಗೆ ಅಲ್ಪ ರಕ್ತಸ್ರಾವವೂ ಪ್ರಾಣಾಪಾಯ ತರಬಲ್ಲದು. ಕಬ್ಬಿಣಾಂಶದ ಮಾತ್ರೆಯನ್ನು ಕನಿಷ್ಠ 180 ದಿನ ಸೇವಿಸಬೇಕೆನ್ನುವುದು ಇದಕ್ಕಾಗಿಯೇ.

ಬಸಿರಿನಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಚೆನ್ನೈಯ ವೈದ್ಯ ಡಾ. ವಿ. ಶೇಷಯ್ಯ ಅವರ ಕೊಡುಗೆ ದೊಡ್ಡದು. ಅವರು ಪ್ರಚಾರಕ್ಕೆ ತಂದ ಸರಳ ವಿಧಾನದಲ್ಲಿ, ಊಟ ಮಾಡಿದ್ದರೂ ಇಲ್ಲದಿದ್ದರೂ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗಳ ನಂತರ ರಕ್ತ ಪರೀಕ್ಷಿಸುತ್ತಾರೆ; ಪ್ರಮಾಣ 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಬೇಕು.

ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ಸೆಳವು, ಜ್ವರ, ನೆತ್ತಿನೀರು ಒಡೆಯುವುದು, ಮಗುವಿನ ಚಲನೆ ತಗ್ಗುವುದು – ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ತವರಿಗೆ ಹೊರಡುವ ಮುನ್ನ

ತವರಿನ ವಿಶ್ರಾಂತಿ, ತಾಯಿಯ ಒತ್ತಾಸೆ ಬಸುರಿಗೆ ಹಿತಕರವೇ. ಆದರೆ ಕೊನೆಯ ಮೂರು ತಿಂಗಳುಗಳಲ್ಲಿ ವೈದ್ಯರು ಬದಲಾದಾಗ ಹಿಂದಿನ ವಿವರ ಕೈತಪ್ಪಿದರೆ ಅಪಾಯ. ಸ್ಕ್ಯಾನಿಂಗ್ ವರದಿ, ರಕ್ತದ ಗುಂಪು, ನೋಂದಣಿ ಸಂಖ್ಯೆ, ನಡೆಯುತ್ತಿರುವ ಔಷಧಿಗಳ ಪಟ್ಟಿ – ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟು ಒಯ್ಯಬೇಕು. ಹೆರಿಗೆಯ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿ, ಅಲ್ಲಿ ಒಮ್ಮೆಯಾದರೂ ತೋರಿಸಿಕೊಂಡಿರಬೇಕು. ರಾತ್ರಿ ವೇಳೆ ವಾಹನಕ್ಕೆ ಏನು ಏರ್ಪಾಡು, ಅಗತ್ಯ ಬಿದ್ದರೆ ರಕ್ತ ಎಲ್ಲಿ ದೊರೆಯುತ್ತದೆ ಎಂಬುದೂ ತಿಳಿದಿರಲಿ.

2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಅನ್ವಯ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಹಾಗೂ ಊಟ ಉಚಿತ. ತಮಿಳುನಾಡಿನಲ್ಲಿ 1987ರಲ್ಲಿ ಪ್ರಾರಂಭವಾದ ಹೆರಿಗೆ ನೆರವಿನ ಯೋಜನೆಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಹೆಸರಿದೆ. 2018ರಲ್ಲಿ ಅದರ ಮೊತ್ತವನ್ನು 18,000 ರೂಪಾಯಿಗೆ ಏರಿಸಲಾಯಿತು. ಇದು ಬಡ ಕುಟುಂಬಗಳಿಗೆ ಕಂತುಗಳಲ್ಲಿ ದೊರೆಯುವುದರಿಂದ, ಊರು ಬಿಡುವ ಮುನ್ನ ಷರತ್ತುಗಳನ್ನು ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಕೊಳ್ಳಬೇಕು.

ಬಾಣಂತನದಲ್ಲಿ ಎಣ್ಣೆ ಸ್ನಾನ, ಬಿಸಿ ಊಟ, ವಿಶ್ರಾಂತಿಗಳಿಂದ ತೊಂದರೆಯಿಲ್ಲ. ಆದರೆ ನೀರು ಕಡಿಮೆ ಕೊಡುವುದು, ತರಕಾರಿ ನಿಲ್ಲಿಸುವುದು, ಕೋಣೆಯಲ್ಲಿ ಹೊಗೆ ತುಂಬಿಸುವುದು, ಮಗುವಿಗೆ ಜೇನು ನೆಕ್ಕಿಸುವುದು, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು ಸಲ್ಲದು. ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ಎದೆಹಾಲು ಮಾತ್ರ ಎಂಬುದೇ ನಿಯಮ.

ಸೂಲಗಿತ್ತಿ ಮತ್ತೆ ಬೇಕೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಮಿಳುನಾಡಿನ ನೂರಕ್ಕೆ ಸುಮಾರು 45 ಹೆರಿಗೆಗಳು ಸಿಸೇರಿಯನ್. ಕರ್ನಾಟಕದಲ್ಲಿ ಸುಮಾರು 31. ಈ ಪ್ರಮಾಣ ಶೇಕಡಾ 10ನ್ನು ಮೀರಿದ ಮೇಲೆ ಸಾವು ಮತ್ತಷ್ಟು ತಗ್ಗುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಪ್ರಾಣ ಉಳಿಸುವ ಶಸ್ತ್ರಚಿಕಿತ್ಸೆ ಅಗತ್ಯವಿಲ್ಲದೆಡೆಯೂ ನಡೆದರೆ ತಾಯಿಗೆ ಅದರದೇ ತೊಂದರೆಗಳಿವೆ. ಹೆರಿಗೆಗೆ ಅದರದೇ ಸಮಯ ಕೊಟ್ಟು, ಪಕ್ಕದಲ್ಲಿ ಕುಳಿತು ಕಾಯುವ ಕೈಗಳ ಕೊರತೆ ಇಲ್ಲಿ ಕಾಣುತ್ತದೆ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ಈ ವಿದ್ಯೆ ಕಲಿತು, 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಸಂಭಾವನೆಯಿಲ್ಲದೆ ಮಾಡಿಸಿದರೆಂದು ಪ್ರಸಿದ್ಧರು. ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ನಿಧನರಾದರು. ಕಾಕತಾಳೀಯವೆಂಬಂತೆ, ದಾದಿಯರಿಗೆ ವಿಶೇಷ ತರಬೇತಿ ಕೊಟ್ಟು ಆಸ್ಪತ್ರೆಗಳಲ್ಲಿಯೇ ಪ್ರಸವ ಪರಿಣತರನ್ನಾಗಿ ನೇಮಿಸುವ ಮಾರ್ಗಸೂಚಿಯನ್ನು ಕೇಂದ್ರ ಸರಕಾರ ಹೊರಡಿಸಿದ್ದೂ 2018ರಲ್ಲಿಯೇ. ಇದರಿಂದ ಮನೆಯ ಹೆರಿಗೆಗೆ ಮರಳಬೇಕೆಂದು ಅರ್ಥವಲ್ಲ. ಸೂಲಗಿತ್ತಿಯ ತಾಳ್ಮೆಯೂ ಆಸ್ಪತ್ರೆಯ ಸಿದ್ಧತೆಯೂ ಒಂದೇ ಸೂರಿನಡಿ ಸೇರಬೇಕೆಂಬುದೇ ಇದರ ಉದ್ದೇಶ.

ಸೀಮಂತದ ದಿನ ಬಳೆ, ಹೂವು, ಹಣ್ಣುಗಳ ಜೊತೆಗೆ ಮಗಳ ತಪಾಸಣೆಯ ಕಾಗದಪತ್ರಗಳನ್ನೂ ಹಿರಿಯರು ಒಮ್ಮೆ ಪರಿಶೀಲಿಸಿ ಜೋಡಿಸಿಡಲಿ ಎಂದು ನಾವು ವಿನಂತಿಸುತ್ತೇವೆ.