ಕಂಪನಿ ಮುಚ್ಚಿದ ಮೇಲೆ ಬೈಕು ಏನಾಗುತ್ತೆ?

ಇವತ್ತು ಎರಡು ಬೈಕಿನ ಕಥೆ ಹೇಳ್ತೀನಿ. ಒಂದು ಹಾಸನದ ನಮ್ಮನೇಲಿರೋ ಅಪ್ಪನ ಯೆಜ್ಡಿ. ಇನ್ನೊಂದು ಪುಣೆಯ ವಾಕಡ್‌ನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ನಿಂತಿರೋ ನನ್ನ ಎಲೆಕ್ಟ್ರಿಕ್ ಬೈಕು. ಮೊದಲನೆಯದರ ಕಾರ್ಖಾನೆ 1996ರಲ್ಲೇ ಮುಚ್ಚಿಹೋಯ್ತು, ಗಾಡಿ ಇನ್ನೂ ಓಡ್ತಿದೆ. ಎರಡನೆಯದರ ಕಂಪನಿ ಚೆನ್ನಾಗೇ ಇದೆ, ಆದರೆ ಗಾಡಿ ಹೋದ ಮಳೆಗಾಲದಲ್ಲಿ ಮೂರು ವಾರ ನಿಂತಲ್ಲೇ ನಿಂತಿತ್ತು.

ಆಗಿದ್ದು ಇಷ್ಟೇ. ಒಂದು ದಿನ ಬೆಳಿಗ್ಗೆ ಆಫೀಸಿಗೆ ಹೊರಟರೆ ಗಾಡಿ ಮುಂದಕ್ಕೆ ಹೋಗ್ತಿಲ್ಲ. ಆ್ಯಪ್‌ನಲ್ಲಿ ಒಂದು ಎರರ್ ಕೋಡು, ಅದರ ಅರ್ಥ ಎಲ್ಲೂ ಬರೆದಿಲ್ಲ. ನಾನು ಬೈಕ್ ತಗೊಂಡಿದ್ದ ಶೋರೂಮು ವರ್ಷದ ಹಿಂದೆಯೇ ಬಾಗಿಲು ಹಾಕಿತ್ತು. ಹತ್ತಿರದ ಸರ್ವಿಸ್ ಸೆಂಟರ್ ಅಂದರೆ ಮುಂಬಯಿ. ಟೆಂಪೋದಲ್ಲಿ ಹಾಕಿ ಕಳಿಸಿದೆ. ಕೊನೆಗೆ ಸಿಕ್ಕ ಕಾಯಿಲೆ ಏನು ಗೊತ್ತಾ? ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ ನೀರು ಹೋಗಿತ್ತು. ಸ್ಟ್ಯಾಂಡ್ ಇನ್ನೂ ಕೆಳಗೇ ಇದೆ ಅಂತ ಗಾಡಿ ನಂಬಿಕೊಂಡಿತ್ತು! ಸ್ವಿಚ್ಚಿನ ಬೆಲೆಯ ಎಷ್ಟೋ ಪಟ್ಟು ಟೆಂಪೋ ಬಾಡಿಗೆ ಆಯ್ತು.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಒಂದು ಸ್ವಿಚ್ಚು ಬಿಚ್ಚಿ ನೋಡಕ್ಕೆ ಮುಂಬಯಿವರೆಗೂ ಹೋಗ್ಬೇಕೇನೋ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಇತಿಹಾಸ ಓದೋಕೆ ಶುರು ಮಾಡಿದೆ.

ಮೈಸೂರಿನ ಯಾದವಗಿರಿಯಿಂದ ಶುರು ಮಾಡೋಣ. ರುಸ್ತುಂ ಇರಾನಿ ಅವರು ಅಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಪರವಾನಗಿ ಪಡೆದು 1961ರಿಂದ ಇಲ್ಲಿ ತಯಾರಿಸಿದರು. ಕಾರ್ಖಾನೆ ಉದ್ಘಾಟಿಸಿದ್ದು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 70ರ ದಶಕದಲ್ಲಿ ಅದೇ ಗಾಡಿಗೆ ಯೆಜ್ಡಿ ಅನ್ನೋ ಹೆಸರು ಬಂತು. 80ರ ದಶಕದಲ್ಲಿ ಕಡಿಮೆ ಪೆಟ್ರೋಲ್ ಕುಡಿಯೋ 100 ಸಿಸಿ ಜಪಾನೀ ತಂತ್ರಜ್ಞಾನದ ಬೈಕುಗಳು ಬಂದವು, ಯೆಜ್ಡಿ ಸೋತಿತು.

ಕಂಪನಿ ಹೋಯ್ತು. ಬೈಕು ಯಾಕೆ ಹೋಗಲಿಲ್ಲ? ಟೂ ಸ್ಟ್ರೋಕ್ ಎಂಜಿನ್, ಒಂದು ಕಾರ್ಬುರೇಟರ್, ಒಂದು ಪ್ಲಗ್ಗು, ಒಂದು ಜೊತೆ ಪಾಯಿಂಟು. ಕಿಕ್ ಹೊಡೆಯೋದೂ ಗೇರ್ ಹಾಕೋದೂ ಒಂದೇ ಲಿವರಿನಲ್ಲಿ. ಏನು ಕೆಟ್ಟರೂ ಕಣ್ಣಿಗೆ ಕಾಣುತ್ತೆ, ಕಿವಿಗೆ ಕೇಳುತ್ತೆ. ಹಾಸನದ ನಮ್ಮ ಮೆಕ್ಯಾನಿಕ್‌ಗೆ ಯಾವ ಕಂಪನಿಯೂ ಟ್ರೇನಿಂಗ್ ಕೊಟ್ಟಿರಲಿಲ್ಲ. ಬಿಚ್ಚಿ ಬಿಚ್ಚಿಯೇ ಕಲಿತವರು. ಇವತ್ತಿಗೂ ಬೆಂಗಳೂರಿನಲ್ಲಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಮಾಲೀಕರೆಲ್ಲ ಸೇರ್ತಾರೆ.

ನಮ್ಮ ಕಾಲದ ಎಲೆಕ್ಟ್ರಿಕ್ ಗಾಡಿಗಳು ಬಂದ ರೀತಿಯೇ ಬೇರೆ. ಪೆಟ್ರೋಲ್ ಬೈಕಿನವರು ದಶಕಗಟ್ಟಲೆ ತಗೊಂಡು ತಾಲ್ಲೂಕು ತಾಲ್ಲೂಕಿಗೆ ಡೀಲರ್ ಹಾಕಿದ್ದರು. ಎಲೆಕ್ಟ್ರಿಕ್‌ನವರು ಊರು ಆರಿಸಿಕೊಂಡು ಬಂದರು. ಏಥರ್ 2018ರಲ್ಲಿ ಬೆಂಗಳೂರಲ್ಲಿ ಶುರುವಾಗಿ 2019ರಲ್ಲಿ ಚೆನ್ನೈಗೆ ಹೋಯ್ತು. ಎಲೆಕ್ಟ್ರಿಕ್ ಚೇತಕ್ 2020ರಲ್ಲಿ ಮೊದಲು ಬಂದಿದ್ದು ಪುಣೆ ಮತ್ತು ಬೆಂಗಳೂರಿಗೆ ಮಾತ್ರ. ಹೊಸ ಕಂಪನಿಗಳಿಗೆ ಅದು ಅನಿವಾರ್ಯ, ಒಪ್ಪೋಣ. ಆದರೆ ನಮ್ಮ ಕೆಲಸ ಗೊತ್ತಲ್ಲ, ಇವತ್ತು ಪುಣೆ, ನಾಳೆ ಹೈದರಾಬಾದು. ವರ್ಕ್ ಫ್ರಮ್ ಹೋಮ್ ಸಿಕ್ಕರೆ ಅರಸೀಕೆರೆ. ಗಾಡಿ ನಮ್ಮ ಜೊತೆ ಬರುತ್ತೆ, ಡೀಲರ್ ಬರಲ್ಲ.

ಹಾಗಾದರೆ ಎಲೆಕ್ಟ್ರಿಕ್ ಗಾಡಿಗೆ ಜಾವಾ ಥರದ ಮರುಜನ್ಮ ಸಾಧ್ಯವೇ ಇಲ್ವಾ? ಇದೆ, ಅದಕ್ಕೂ ಒಂದು ಕಥೆ ಇದೆ. ಅಮೆರಿಕದ ವೆಕ್ಟ್ರಿಕ್ಸ್ ಅನ್ನೋ ಕಂಪನಿ ದೊಡ್ಡ ಎಲೆಕ್ಟ್ರಿಕ್ ಸ್ಕೂಟರ್ ಮಾಡ್ತಿತ್ತು. 2009ರಲ್ಲಿ ದಿವಾಳಿ ಎದ್ದಿತು. ಬೇರೆಯವರು ಕೊಂಡು ನಡೆಸಿದರು, 2014ರಲ್ಲಿ ಮತ್ತೆ ಮುಚ್ಚಿತು. ಹಳೇ ಗಾಡಿಗಳಲ್ಲಿ ಇದ್ದದ್ದು ನಿಕ್ಕಲ್ ಬ್ಯಾಟರಿ, ಅವು ಸಾಯತೊಡಗಿದವು. ಡೀಲರ್ ಇಲ್ಲ, ಹೊಸ ಬ್ಯಾಟರಿ ಇಲ್ಲ. ಆಗ ಮಾಲೀಕರೇ ಒಂದಾಗಿ, ನಿಸ್ಸಾನ್ ಲೀಫ್ ಕಾರಿನ ಹಳೇ ಲಿಥಿಯಂ ಸೆಲ್ ತಂದು ಅದರೊಳಗೆ ಕೂರಿಸಿದರು. ಚಾರ್ಜಿಂಗ್ ಹೊಸ ಸೆಲ್ಲಿಗೆ ಹೊಂದಲಿ ಅಂತ ಸಾಫ್ಟ್‌ವೇರನ್ನೂ ತಿದ್ದಿದರು. ಹಾಸನದ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಮಾಡಿದ್ದನ್ನ ಇವರು ಲ್ಯಾಪ್‌ಟಾಪ್ ಹಿಡಿದು ಮಾಡಿದರು. ಹೆಚ್ಚು ವೋಲ್ಟಿನ ಬ್ಯಾಟರಿ ಪ್ಯಾಕ್ ಜೀವ ತೆಗೆಯುತ್ತೆ, ದಯವಿಟ್ಟು ಮನೇಲಿ ಬಿಚ್ಚಬೇಡಿ. ಇಲ್ಲಿ ನಾವು ನೋಡಬೇಕಾದ್ದು, ಒಳಗಿನ ವಿಷಯ ಗೊತ್ತಾದಾಗ ಮಾತ್ರ ಗಾಡಿ ಬದುಕಿತು ಅನ್ನೋದನ್ನ.

ಎಲೆಕ್ಟ್ರಿಕ್ ಬೈಕಿಗೆ ರಿಪೇರಿ ಜಾಸ್ತಿ ಅಂತ ನಾನು ಹೇಳ್ತಿಲ್ಲ. ನಿಜವಾಗಿ ಕಡಿಮೆ. ಆಯಿಲ್ ಬದಲಿಸೋ ಹಾಗಿಲ್ಲ, ಪ್ಲಗ್ಗಿಲ್ಲ, ಕಾರ್ಬುರೇಟರ್ ಇಲ್ಲ. ಟೈರು, ಬ್ರೇಕ್ ಪ್ಯಾಡು, ಚೈನು ಅಥವಾ ಬೆಲ್ಟು, ಬೇರಿಂಗು ಇವನ್ನೆಲ್ಲ ವಾಕಡ್‌ನ ಮಾಮೂಲಿ ಗ್ಯಾರೇಜಿನಲ್ಲೇ ಮಾಡಿಸ್ತೀನಿ. ಊರಿಗೆ ತಿಂಗಳುಗಟ್ಟಲೆ ಹೋಗೋದಾದರೆ ಬ್ಯಾಟರಿ ಅರ್ಧ ಚಾರ್ಜ್ ಇಟ್ಟು ಹೋಗ್ತೀನಿ, ಪೂರ್ತಿ ಖಾಲಿ ಬಿಡಲ್ಲ. ಉಳಿದಿರೋ ಸ್ವಲ್ಪ ರಿಪೇರಿ ಮಾತ್ರ ಬೀಗದೊಳಗಿದೆ, ಬೀಗದ ಕೈ ಒಬ್ಬರ ಹತ್ತಿರವೇ ಇದೆ. ಡಾಕ್ಯುಮೆಂಟೇಶನ್ ಇಲ್ಲದ ಕೋಡು ಕೈಗೆ ಬಂದರೆ ನಾವು ಆಫೀಸಲ್ಲಿ ಎಷ್ಟು ಬೈಕೊಳ್ತೀವಿ! ಎರಡು ಲಕ್ಷ ಕೊಟ್ಟು ಅಂಥದ್ದನ್ನೇ ಮನೆಗೆ ತರ್ತೀವಿ.

ದಾರಿ ಪೂರ್ತಿ ಮುಚ್ಚಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. 2023ರಲ್ಲಿ, ಬೆಂಗಳೂರಿನ ಏಥರ್ ರೂಪಿಸಿದ್ದ ಚಾರ್ಜಿಂಗ್ ಕನೆಕ್ಟರನ್ನು ಬಿಐಎಸ್ ಲಘು ವಾಹನಗಳಿಗೆ ಮಾನಕವಾಗಿ ಒಪ್ಪಿಕೊಂಡಿತು. ಒಂದು ಕಂಪನಿಯ ಪ್ಲಗ್ಗು ಎಲ್ಲರೂ ಬಳಸಬಹುದಾದ ಪ್ಲಗ್ಗಾಯ್ತು. ಎರರ್ ಕೋಡುಗಳಿಗೂ ಹೀಗೇ ಆಗಬೇಕು.

ಅಲ್ಲಿಯವರೆಗೆ ಶೋರೂಮಿನಲ್ಲಿ ಟೆಸ್ಟ್ ರೈಡ್‌ಗಿಂತ ಮೊದಲು ನಾಲ್ಕು ಪ್ರಶ್ನೆ ಕೇಳಿ. ಆ್ಯಪ್ ನಿಂತುಹೋದರೂ ಗಾಡಿ ಓಡುತ್ತಾ? ಎರರ್ ಕೋಡಿನ ಪಟ್ಟಿ, ಸರ್ವಿಸ್ ಮ್ಯಾನ್ಯುಯಲ್ ಕೊಡ್ತೀರಾ? ಡೀಲರ್ ಇಲ್ಲದ ಊರಲ್ಲಿ ಕೆಟ್ಟರೆ ಸಾಗಣೆ ಖರ್ಚು ಯಾರದು, ವಾರಂಟಿಯಲ್ಲಿ ಬರೆದಿದೆಯಾ? ವಾರಂಟಿ ಮುಗಿದ ಮೇಲೆ ಬ್ಯಾಟರಿ, ಕಂಟ್ರೋಲರ್ ಬಿಡಿಯಾಗಿ ಸಿಗುತ್ತಾ, ಎಷ್ಟಕ್ಕೆ? ನಾನು ಒಂದನ್ನೂ ಕೇಳಿರಲಿಲ್ಲ. ಬಣ್ಣ ಯಾವುದಿದೆ ಅಂತ ಕೇಳಿದ್ದೆ.

ಈ ಸಲ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಯೆಜ್ಡಿಯ ಪಾಯಿಂಟ್ ಉಜ್ಜುತ್ತಾ ಕೂತಿದ್ದರು. "ಬಾ, ನೋಡ್ಕೋ" ಅಂದರು. ಪಕ್ಕದಲ್ಲಿ ಕೂತೆ. ನಿಮ್ಮ ಎಲೆಕ್ಟ್ರಿಕ್ ಗಾಡಿ ದೂರದ ಊರಲ್ಲಿ ಕೈಕೊಟ್ಟಾಗ ಏನು ಮಾಡಿದ್ರಿ, ಬರೆದು ತಿಳಿಸಿ. ಮತ್ತೆ ಸಿಗೋಣ.