ಪ್ಯಾಕೆಟ್ ಸಾರಾಯಿ

ತೆಳು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಅಂಚನ್ನು ಬಿಸಿಯಿಂದ ಬೆಸೆದು ಕರ್ನಾಟಕದಲ್ಲಿ ಮಾರಲಾಗುತ್ತಿದ್ದ ಅಗ್ಗದ ಮದ್ಯ. ಒಡೆಯುವ ಭಯವಿಲ್ಲ, ಸೀಸೆ ಹಿಂದಿರುಗಿಸುವ ತೊಂದರೆಯಿಲ್ಲ, ಜೇಬಿನಲ್ಲೇ ಸಾಗುತ್ತಿತ್ತು. ದಿನಗೂಲಿಯವರಿಗೆ ಅದು ಪ್ರಿಯವಾದದ್ದು ಸಹಜವೇ.

ಹೀಗೆ ಬೆಸೆದಿಡಲು ಸಾಧ್ಯವಿರುವುದು ಬಟ್ಟಿ ಇಳಿಸಿದ ಸಾರಾಯಿಯನ್ನು ಮಾತ್ರ. ಅದರ ಮೂಲವಾದ ಬೆಲ್ಲದ ಕೊಳೆ, ಅಂದರೆ ಹುದುಗುತ್ತಿರುವ ಬೆಲ್ಲದ ನೀರು, ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುತ್ತಲೇ ಇರುತ್ತದೆ. ಬಾಯಿ ಮುಚ್ಚಿದರೆ ಚೀಲ ಉಬ್ಬಿ ಸಿಡಿಯುತ್ತದೆ. ಆದ್ದರಿಂದಲೇ ಕಳ್ಳಬಟ್ಟಿಯವರು ಕೊಳೆಯನ್ನು ಡ್ರಮ್ಮುಗಳಲ್ಲಿಟ್ಟು, ಇಳಿಸಿದ ಸಾರಾಯಿಯನ್ನಷ್ಟೇ ಚೀಲ, ರಬ್ಬರ್ ಟ್ಯೂಬುಗಳಲ್ಲಿ ಸಾಗಿಸುತ್ತಾರೆ.

ರಾಜ್ಯ ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಷೇಧಿಸಿತು. ಪರವಾನಗಿಯ ಪ್ಯಾಕೆಟ್ ಮರೆಯಾಯಿತು. ಕುಡಿಯುವವರ ಬಾಯಾರಿಕೆ ಮರೆಯಾಗಲಿಲ್ಲ. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಮತ್ತು ಕೋಲಾರದ ಭಾಗಗಳಲ್ಲೂ ನೆರೆಯ ಕೃಷ್ಣಗಿರಿಯಲ್ಲೂ ಮಿಥೈಲ್ ಆಲ್ಕೋಹಾಲ್ ಬೆರೆತ ಕಳ್ಳಭಟ್ಟಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಕೋಲಾರ ಜಿಲ್ಲೆ ಆಂಧ್ರ, ತಮಿಳುನಾಡುಗಳ ಗಡಿಯಲ್ಲಿದೆ. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಬಳಿಕ ಉರಿಗಾಂ, ಬಂಗಾರಪೇಟೆಗಳ ಸಾವಿರಾರು ಜನ ದುಡಿಮೆಗಾಗಿ ನಿತ್ಯ ರೈಲಿನಲ್ಲಿ ಬೆಂಗಳೂರಿಗೆ ಬಂದು ಹೋಗುತ್ತಾರೆ. ಅಗ್ಗದ ಮದ್ಯದ ಅಪಾಯ ಮೊದಲು ತಟ್ಟುವುದು ಇಂಥ ದುಡಿಯುವ ವರ್ಗಕ್ಕೇ.

ಮಿಥೈಲ್ ಆಲ್ಕೋಹಾಲನ್ನು ಬಣ್ಣದಿಂದಾಗಲಿ ವಾಸನೆಯಿಂದಾಗಲಿ ಗುರುತಿಸಲಾಗದು. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಹಾಳುಗೆಡವುತ್ತದೆ. ಲಕ್ಷಣಗಳು ಅನೇಕ ಗಂಟೆಗಳ ನಂತರ ಕಾಣುವುದೂ ಉಂಟು. ಕುಡಿದವರು ದೃಷ್ಟಿ ಮಂಜಾಗಿದೆ ಎಂದರೆ ಅಮಲಿಳಿಯಲಿ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.