ಸ್ಟೋವ್ ತಂತಿ ಬಾಯಿವರೆಗೆ ಬಂದ ಕಥೆ

1/6
ಹೋದ ಸೆಮಿಸ್ಟರ್‌ನಲ್ಲಿ ನನ್ನ ರೂಮೇಟ್ ಒಂದು ಪ್ರಶ್ನೆ ಕೇಳಿದ. "ಲೇ, ನಿಮ್ಮಪ್ಪ ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡ್ತಾರಲ್ಲ, ವೇಪ್‌ಗೆ ಯಾವ ಕಾಯಿಲ್ ಒಳ್ಳೇದು ಅಂತ ಗೊತ್ತಾ?" ಕೈಯಲ್ಲೊಂದು ಬಣ್ಣಬಣ್ಣದ ಡಬ್ಬಿ. ಹೊಸದಾಗಿ ಶುರು ಮಾಡಿದ್ದ. ನಾನು ನಕ್ಕು ಸುಮ್ಮನಾದೆ. ಆದ್ರೆ ಪ್ರಶ್ನೆ ತಲೆಯಲ್ಲೇ ಉಳೀತು. ಓದ್ತಾ ಹೋದ್ರೆ ಅದರ ಹಿಂದೆ ನೂರು ವರ್ಷಕ್ಕಿಂತ ಹಳೇ ಕಥೆ ಇದೆ. ಈ ವಾರದ ಸರಣಿ ಅದೇ. ನಾನು ಬಿಕಾಂ, ಫಿಸಿಕ್ಸ್ ಓದಿದ್ದು ಹತ್ತನೇ ಕ್ಲಾಸಿಗೇ ಕೊನೆ. ಹಾಗಾಗಿ ಭಯ ಬೇಡ, ನನಗೆ ಅರ್ಥವಾಗಿದೆ ಅಂದ್ರೆ ನಿಮಗೂ ಆಗುತ್ತೆ.

2/6
ಮೊದಲು ಅಮೆರಿಕ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮನೆಗೆ ಕರೆಂಟ್ ಬರ್ತಿತ್ತು, ಆದ್ರೆ ಕರೆಂಟಿನಿಂದ ಅಡುಗೆ ಬಿಸಿ ಮಾಡೋ ತಂತಿ ಸರಿಯಾದ್ದು ಇರಲಿಲ್ಲ. ಕಬ್ಬಿಣದ ತಂತಿ ಕೆಂಪಗೆ ಕಾದರೆ ಗಾಳಿಗೆ ತುಕ್ಕು ಹಿಡಿದು ಉದುರುತ್ತೆ. ಪ್ಲಾಟಿನಂ ತಡೆಯುತ್ತೆ, ಆದ್ರೆ ರೊಟ್ಟಿ ಸುಡೋಕೆ ಪ್ಲಾಟಿನಂ ಯಾರು ಕೊಡ್ತಾರೆ? ಆಲ್ಬರ್ಟ್ ಮಾರ್ಷ್ ಅನ್ನೋರು ನಿಕ್ಕಲ್ ಜೊತೆ ಕ್ರೋಮಿಯಂ ಬೆರೆಸಿದರು. ಪೇಟೆಂಟ್ ಸಿಕ್ಕಿದ್ದು 1906ರಲ್ಲಿ. ಅದೇ ನೈಕ್ರೋಮ್, ಸಾಮಾನ್ಯವಾಗಿ 80 ಪಾಲು ನಿಕ್ಕಲ್, 20 ಪಾಲು ಕ್ರೋಮಿಯಂ. ಕಾದಾಗ ಮೈಮೇಲೆ ತೆಳ್ಳನೆ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತೆ, ಆ ಪದರವೇ ಒಳಗಿನ ಲೋಹವನ್ನು ಕಾಯುತ್ತೆ. ಟೋಸ್ಟರ್, ಇಸ್ತ್ರಿಪೆಟ್ಟಿಗೆ, ನಮ್ಮ ಅಂಗಡೀಲಿ ನೇತಾಡೋ ಸ್ಟೋವ್ ಸುರುಳಿ, ಎಲ್ಲ ಇದೇ ಮನೆತನ.

1931ರ ಹೊತ್ತಿಗೆ ಸ್ವೀಡನ್‌ನ ಹಾಲ್‌ಸ್ಟಹಮ್ಮರ್ ಊರಲ್ಲಿ ಹಾನ್ಸ್ ಫಾನ್ ಕಾಂಟ್ಸೋ ಇನ್ನೊಂದು ತಂತಿ ತಂದರು. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ. ಹೆಸರು ಕಾಂಥಲ್. ಇದರ ಒಳ್ಳೆಯ ದರ್ಜೆಗಳು ಸುಮಾರು 1400 ಡಿಗ್ರಿವರೆಗೂ ತಡೀತವೆ, ನಿಕ್ಕಲ್ ಬೇಕಿಲ್ಲ. ಹುಟ್ಟಿದ್ದು ಕುಲುಮೆಗೆ, ಕಾರ್ಖಾನೆಗೆ.

3/6
ಈಗ ಚೀನಾದ ಶೆನ್ಯಾಂಗ್. ಹೊನ್ ಲಿಕ್ ಅನ್ನೋ ಔಷಧಶಾಸ್ತ್ರಜ್ಞ, ಸ್ವತಃ ಸಿಗರೇಟು ಸೇದೋರು. ಅವರ ಅಪ್ಪ ತೀರಿಕೊಂಡಿದ್ದು ಶ್ವಾಸಕೋಶದ ಕ್ಯಾನ್ಸರ್‌ನಿಂದ. 2003ರಲ್ಲಿ ಅವರು ಪೇಟೆಂಟ್ ಮಾಡಿಸಿದ ಇ-ಸಿಗರೇಟ್ ಅಲ್ಟ್ರಾಸೌಂಡ್ ಕಂಪನದಿಂದ ಮಂಜು ಮಾಡ್ತಿತ್ತು. ಆಮೇಲೆ ಮಾರುಕಟ್ಟೆ ಗೆದ್ದಿದ್ದು ಮಾತ್ರ ಕಾಯೋ ತಂತಿ. (ಅವರಿಗಿಂತ ಮೊದಲೇ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್‌ಗೆ 1965ರಲ್ಲಿ ಹೊಗೆಯಿಲ್ಲದ ಸಿಗರೇಟಿನ ಪೇಟೆಂಟ್ ಸಿಕ್ಕಿತ್ತು. ಯಾರೂ ಕೊಳ್ಳಲಿಲ್ಲ ಪಾಪ.)

ಅಲ್ಲಿಂದ ಮುಂದೆ ಅಮೆರಿಕ, ಯುರೋಪಿನ ಹವ್ಯಾಸಿಗಳು ತಾವೇ ಕಾಯಿಲ್ ಸುತ್ತೋಕೆ ಶುರು ಮಾಡಿದರು. ಸಿಕ್ಕಿದ್ದು ಯಾವ ತಂತಿ? ಕಾಂಥಲ್. ಅಗ್ಗ, ಗಟ್ಟಿ, ಸುತ್ತಿದ ಹಾಗೆ ನಿಲ್ಲುತ್ತೆ. ಹೊಸಬರಿಗೆ ಎಲ್ಲರೂ ಹೇಳ್ತಿದ್ದಿದ್ದು ಅದನ್ನೇ.

4/6
ಇಲ್ಲಿ ಸ್ವಲ್ಪ ನಿಧಾನ ಓದಿ, ಕಥೆಯ ತಿರುಳು ಇಲ್ಲಿದೆ.

ಲೋಹ ಬಿಸಿಯಾದಂತೆ ಅದರ ರೋಧ ಏರುತ್ತೆ. ಇದನ್ನ 1821ರಲ್ಲೇ ಹಂಫ್ರಿ ಡೇವಿ ತೋರಿಸಿದ್ದರು. 1871ರಲ್ಲಿ ವಿಲಿಯಂ ಸೀಮೆನ್ಸ್ ಇದನ್ನೇ ತಿರುಗಿಸಿ ಹೇಳಿದರು: ಹಾಗಾದ್ರೆ ಪ್ಲಾಟಿನಂ ತಂತಿಯ ರೋಧ ಅಳೆದರೆ ಅದೇ ಥರ್ಮಾಮೀಟರ್ ಆಗುತ್ತಲ್ಲ! 2014ರಲ್ಲಿ ಅಮೆರಿಕದ ಎವಾಲ್ವ್ ಕಂಪನಿ ಡಿಎನ್‌ಎ 40 ಅನ್ನೋ ಚಿಪ್‌ನಲ್ಲಿ ವೇಪ್‌ಗೆ ತಂದಿದ್ದು ಇದೇ ಹಳೇ ಯೋಚನೆ. ಕಾಯಿಲ್ ತಣ್ಣಗಿದ್ದಾಗ ಒಮ್ಮೆ ರೋಧ ಅಳೆದು ನೆನಪಿಟ್ಟುಕೋ, ಕಾಯುವಾಗ ಎಷ್ಟು ಏರಿತು ನೋಡು, ಲೆಕ್ಕ ಹಾಕು, ನಿಗದಿ ಮುಟ್ಟಿದರೆ ಕರೆಂಟ್ ಇಳಿಸು.

ಆದ್ರೆ ಕಾಂಥಲ್‌ನ ದೊಡ್ಡ ಗುಣವೇ ಬಿಸಿಗೆ ರೋಧ ಹೆಚ್ಚುಕಮ್ಮಿ ಅಲ್ಲಾಡದಿರೋದು! ಕುಲುಮೆಗೆ ಅದು ವರ, ಇಲ್ಲಿ ಕುರುಡು. ಹಾಗಾಗಿ ಶುದ್ಧ ನಿಕ್ಕಲ್ ಬಂತು. 200 ಡಿಗ್ರಿ ಏರಿದರೆ ಅದರ ರೋಧ ಎರಡರಷ್ಟಕ್ಕೂ ಮೇಲೆ ಹೋಗುತ್ತೆ, ಚಿಪ್‌ಗೆ ಸುಲಭವಾಗಿ ಕಾಣುತ್ತೆ. ಆದ್ರೆ ಬಲು ಮೆದು, ನಿಕ್ಕಲ್ ಅಲರ್ಜಿ ಇರೋರಿಗೆ ಆಗದು, ತಪ್ಪಿ ಮಾಮೂಲಿ ವ್ಯಾಟ್ ಮೋಡ್‌ನಲ್ಲಿ ಹಾಕಿದರೆ ಸುಟ್ಟೇ ಹೋಗುತ್ತೆ. ಟೈಟಾನಿಯಂ ಬಂತು, ಅತಿಯಾಗಿ ಕಾದರೆ ಬಿಳಿ ಆಕ್ಸೈಡ್ ಪುಡಿಯ ಭಯ. ಕೊನೆಗೆ ಬಹುಪಾಲು ಜನ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ಗೆ ಬಂದರು. ಅದೇ 200 ಡಿಗ್ರಿಗೆ ಅದರ ರೋಧ ಏರೋದು ಶೇಕಡ 20ರ ಆಸುಪಾಸು ಅಷ್ಟೇ, ಆದ್ರೆ ಎರಡೂ ಮೋಡ್‌ನಲ್ಲಿ ನಡೆಯುತ್ತೆ.

ಹೊಸಬರಿಗೆ ಆಗ ಕೊಡ್ತಿದ್ದ ಬುದ್ಧಿಮಾತು ಎರಡು. 200 ಡಿಗ್ರಿ ಸುತ್ತಮುತ್ತ ಶುರು ಮಾಡಿ. ಕಾಯಿಲ್ ಪೂರ್ತಿ ತಣ್ಣಗಾಗದೆ ರೋಧ ಲಾಕ್ ಮಾಡಬೇಡಿ. ಬಿಸಿ ಕಾಯಿಲನ್ನೇ ಚಿಪ್ ತಣ್ಣಗಿದೆ ಅಂದುಕೊಂಡರೆ ಪೂರ್ತಿ ಲೆಕ್ಕ ತಪ್ಪುತ್ತೆ, ತೋರಿಸೋದಕ್ಕಿಂತ ಜಾಸ್ತಿ ಕಾಯುತ್ತೆ. ನಮ್ಮ ಅಕೌಂಟ್ಸ್ ಭಾಷೇಲಿ ಹೇಳಬೇಕಂದ್ರೆ, ಓಪನಿಂಗ್ ಬ್ಯಾಲೆನ್ಸೇ ತಪ್ಪು.

5/6
ಇಷ್ಟೆಲ್ಲ ತಲೆನೋವು ಯಾಕೆ? ದ್ರವದಲ್ಲಿರೋ ಪ್ರೊಪಿಲೀನ್ ಗ್ಲೈಕಾಲ್ ಕುದಿಯೋದು 188 ಡಿಗ್ರಿಗೆ, ಗ್ಲಿಸರಿನ್ 290ಕ್ಕೆ. ಹತ್ತಿ ಒಣಗಿದಾಗ ತಂತಿ ವಿಪರೀತ ಕಾದು ಆಕ್ರೋಲೀನ್, ಫಾರ್ಮಾಲ್ಡಿಹೈಡ್ ಹುಟ್ಟುತ್ತವೆ. ಜನವರಿ 2015ರಲ್ಲಿ ಪೋರ್ಟ್‌ಲ್ಯಾಂಡ್‌ನ ವಿಜ್ಞಾನಿಗಳು 5 ವೋಲ್ಟ್‌ನಲ್ಲಿ ಫಾರ್ಮಾಲ್ಡಿಹೈಡ್ ಬಿಡೋ ವಸ್ತು ಸಿಕ್ಕಿತು, 3.3ರಲ್ಲಿ ಸಿಗಲಿಲ್ಲ ಅಂತ ಪ್ರಕಟಿಸಿದರು. ವೇಪ್ ಮಾಡೋರು "ಅಷ್ಟು ಸುಟ್ಟ ವಾಸನೆ ಯಾರೂ ಎಳೆಯಲ್ಲ" ಅಂತ ಜಗಳ ತೆಗೆದರು. ಆ ಜಗಳದಲ್ಲಿ ಸ್ವಲ್ಪ ನ್ಯಾಯ ಇತ್ತು ಅನ್ಸುತ್ತೆ ನನಗೆ.

ಆದ್ರೆ 2018ರ ಜಾನ್ಸ್ ಹಾಪ್ಕಿನ್ಸ್ ಅಧ್ಯಯನಕ್ಕೆ ಅಷ್ಟು ಸುಲಭದ ಉತ್ತರ ಇಲ್ಲ. 56 ಜನರ ಸ್ವಂತ ಸಾಧನಗಳನ್ನೇ ತಗೊಂಡು ನೋಡಿದರು. ಬಾಟಲಿಯಲ್ಲಿ ಅತ್ಯಲ್ಪ ಇದ್ದ ಸೀಸ, ಕ್ರೋಮಿಯಂ, ನಿಕ್ಕಲ್, ಕಾಯಿಲ್ ದಾಟಿದ ಮೇಲೆ ಆವಿಯಲ್ಲಿ ಎಷ್ಟೋ ಹೆಚ್ಚಿತ್ತು. ತಾಪಮಾನ ಅಳೆಯೋ ಚಿಪ್ ಇದನ್ನ ಅಳೆಯಲ್ಲ.

6/6
ನಮ್ಮಲ್ಲಿ ಕರ್ನಾಟಕ 2016ರ ಜೂನ್‌ನಲ್ಲೇ ಮಾರಾಟ ನಿಷೇಧಿಸಿತು, ಇಡೀ ದೇಶಕ್ಕೆ ನಿಷೇಧ ಬಂದಿದ್ದು 18 ಸೆಪ್ಟೆಂಬರ್ 2019ಕ್ಕೆ. ಮಾರೋದು, ಆಮದು, ಜಾಹೀರಾತು ಎಲ್ಲಾ ಅಪರಾಧ. ಆದ್ರೂ ರೂಮೇಟ್‌ಗೆ ಸಿಕ್ಕಿತ್ತು, ಬಳಸಿ ಬಿಸಾಡೋದು. ಡಬ್ಬಿ ಮೇಲೆ ಹಣ್ಣಿನ ಹೆಸರಿತ್ತು, ತಂತಿಯ ಹೆಸರಿರಲಿಲ್ಲ. ಸೆಟ್ಟಿಂಗ್ ಬಿಡಿ, ಒಂದು ಬಟನ್ ಕೂಡ ಇಲ್ಲ. ಯಾವ ಕಾಯಿಲ್ ಆರಿಸಲಿ ಅಂತ ಕೇಳಿದ್ದನಲ್ಲ, ಆರಿಸೋಕೆ ಅವನಿಗೆ ಏನೂ ಬಿಟ್ಟಿರಲಿಲ್ಲ.

ಖಾಲಿಯಾದದ್ದನ್ನ ದೀಪಾವಳಿ ರಜೆಗೆ ಊರಿಗೆ ತಂದೆ. ಅಪ್ಪ ಮೊದಲು ಬೈದರು, ನನ್ನದೇ ಅಂದುಕೊಂಡು. ಆಮೇಲೆ ಹುಷಾರಾಗಿ ಬಿಚ್ಚಿ, ಬ್ಯಾಟರಿ ದೂರ ಇಟ್ಟು, ಕಾಯಿಲ್‌ಗೆ ಮೀಟರ್ ಹಚ್ಚಿದರು. 1.4 ಓಮ್. ಕಾದ ಬೆಸುಗೆ ಕಡ್ಡಿ ತಾಗಿಸಿ ಮತ್ತೆ ನೋಡಿದರು. 1.4.

"ಸ್ಟೋವ್ ತಂತಿ ಜಾತಿನೇ ಇದು. ಎಷ್ಟು ಕಾದಿದೆ ಅಂತ ಇದಕ್ಕೆ ಹೇಳೋಕೆ ಬರಲ್ಲ" ಅಂದ್ರು.

ಮೀಟರ್ ಫೋಟೋ ರೂಮೇಟ್‌ಗೆ ಕಳಿಸಿದೆ. ನೀಲಿ ಟಿಕ್ ಬಂದು ನಾಲ್ಕು ದಿನ ಆಯ್ತು. ಕೊನೆಯ ಸ್ಲೈಡ್‌ನಲ್ಲಿರೋದು ಅದೇ ಫೋಟೋ, ಪಕ್ಕದಲ್ಲಿರೋ ಕೈ ಅಪ್ಪಂದು.